ಹಿರಿಯರ ಸ್ನೇಹಪಂದ್ಯ: ಗಾಲ್ಫ್ ಕ್ಲಬ್ಬುಗಳಲ್ಲಿ ವರ್ತಕರು ಗಮನಿಸಬೇಕಾದ ಒಂದು ವ್ಯವಸ್ಥೆ

ಸರ್ಕಾರಿ ನೌಕರರಿಗೆ ನಿವೃತ್ತಿಯ ದಿನಾಂಕವನ್ನು ಸೇವಾ ಪುಸ್ತಕವೇ ಹೇಳುತ್ತದೆ. ವ್ಯಾಪಾರಸ್ಥರಿಗೆ ಅಂತಹ ದಿನಾಂಕವಿಲ್ಲ. ಒಂದು ವರ್ಷ ಮಗನೋ ಮಗಳೋ ಅಂಗಡಿಯ ಲೆಕ್ಕವನ್ನು ಗಣಕಯಂತ್ರಕ್ಕೆ ಏರಿಸುತ್ತಾರೆ. ಮತ್ತೊಂದು ವರ್ಷ ಬ್ಯಾಂಕಿನಲ್ಲಿ ಸಹಿ ಹಾಕುವ ಅಧಿಕಾರ ವರ್ಗವಾಗುತ್ತದೆ. ಹಿರಿಯರು ಮಾತ್ರ ಅಭ್ಯಾಸಬಲದಿಂದ ಬೆಳಿಗ್ಗೆ ಬಂದು ಗಲ್ಲಾದ ಪಕ್ಕದ ಕುರ್ಚಿಯಲ್ಲಿ ಕುಳಿತುಕೊಳ್ಳುತ್ತಾರೆ. ಗಿರಾಕಿಗಳು ನಮಸ್ಕಾರ ಹೇಳುವುದು ಅವರಿಗೆ, ದರ ಕೇಳುವುದು ಮಗನನ್ನು. ನಲವತ್ತು ವರ್ಷ ನಿತ್ಯ ಹತ್ತಾರು ಜನರೊಡನೆ ಮಾತನಾಡಿ, ಚೌಕಾಸಿ ಮಾಡಿ, ಗೆದ್ದು, ಸೋತು ಬದುಕಿದವರಿಗೆ ಆ ಕುರ್ಚಿ ಸಾಲುವುದಿಲ್ಲ. ಕುಟುಂಬದ ಉದ್ಯಮದಲ್ಲಿ ತಲೆಮಾರು ಬದಲಾಗುವಾಗ ಏಳುವ ಎಷ್ಟೋ ಮನಸ್ತಾಪಗಳಿಗೆ ಆಸ್ತಿಯ ಹಂಚಿಕೆಯಷ್ಟೇ ಈ ಕುರ್ಚಿಯೂ ಕಾರಣವಾಗಿರುತ್ತದೆ.

ಈ ಪ್ರಶ್ನೆಗೆ ಬ್ರಿಟನ್ ಮತ್ತು ಐರ್ಲೆಂಡಿನ ಗಾಲ್ಫ್ ಕ್ಲಬ್ಬುಗಳು ತಮ್ಮದೇ ಆದ ಒಂದು ಉತ್ತರವನ್ನು ಕಂಡುಕೊಂಡಿವೆ. ಅದಕ್ಕೆ ಅಲ್ಲಿ 'ಸೀನಿಯರ್ಸ್ ಸೆಕ್ಷನ್', ಅಂದರೆ ಹಿರಿಯರ ವಿಭಾಗ ಎಂದು ಹೆಸರು. ಆ ವಿಭಾಗದ ಸ್ನೇಹಪಂದ್ಯಗಳು ಮತ್ತು ಸಾಮಾಜಿಕ ಸ್ಪರ್ಧೆಗಳು ಹೇಗೆ ನಡೆಯುತ್ತವೆ, ಅವುಗಳ ಹಿಂದಿನ ಲೆಕ್ಕಾಚಾರವೇನು, ನಮ್ಮ ವರ್ತಕ ಸಂಘಗಳು ಅದರಿಂದ ಏನನ್ನು ಪಡೆಯಬಹುದು ಎಂಬುದನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ. ಓದುಗರು ಗಾಲ್ಫ್ ಆಡುವವರೇ ಆಗಿರಬೇಕೆಂದೇನೂ ಇಲ್ಲ.

ವಾರದ ನಡುವಿನ ಬೆಳಗು

ಹಿರಿಯರ ವಿಭಾಗವೆಂದರೆ ಕ್ಲಬ್ಬಿನೊಳಗೊಂದು ಚಿಕ್ಕ ಸಂಘ. ನಿಗದಿತ ವಯಸ್ಸು, ಸಾಮಾನ್ಯವಾಗಿ 55 ಅಥವಾ 60 ವರ್ಷ, ದಾಟಿದ ಸದಸ್ಯರು ಇದಕ್ಕೆ ಸೇರಬಹುದು. ಇದಕ್ಕೆ ತನ್ನದೇ ನಾಯಕ, ಕಾರ್ಯದರ್ಶಿ, ಖಜಾಂಚಿ ಮತ್ತು ಒಂದು ಪುಟ್ಟ ಸಮಿತಿ ಇರುತ್ತದೆ. ನಾಯಕತ್ವ ಸಾಮಾನ್ಯವಾಗಿ ಒಂದು ವರ್ಷದ್ದು. ಅವಧಿ ಮುಗಿದೊಡನೆ ಮತ್ತೊಬ್ಬರಿಗೆ ಹೋಗುತ್ತದೆ. ವಾರದ ನಡುವೆ ಒಂದು ಬೆಳಗು, ಮಂಗಳವಾರವೋ ಗುರುವಾರವೋ, ಅವರ ಆಟಕ್ಕೆಂದು ಮೀಸಲಾಗಿರುತ್ತದೆ. ವರ್ಷದ ಆರಂಭದಲ್ಲಿಯೇ ಎಲ್ಲ ಪಂದ್ಯಗಳ ಪಟ್ಟಿ ಸಿದ್ಧವಾಗಿ ಸದಸ್ಯರ ಕೈ ಸೇರುತ್ತದೆ.

ವಾರದ ನಡುವಿನ ದಿನವನ್ನೇ ಆರಿಸಿಕೊಳ್ಳುವುದರ ಹಿಂದೆ ವ್ಯಾಪಾರಿಗಳಿಗೆ ಥಟ್ಟನೆ ಅರ್ಥವಾಗುವ ಕಾರಣವಿದೆ. ಗಾಲ್ಫ್ ಮೈದಾನಕ್ಕೆ ಹುಲ್ಲು ಕತ್ತರಿಸುವ, ನೀರುಣಿಸುವ, ಸಿಬ್ಬಂದಿಗೆ ವೇತನ ಕೊಡುವ ಖರ್ಚು ವಾರದ ಏಳು ದಿನವೂ ಒಂದೇ. ದುಡಿಯುವ ವಯಸ್ಸಿನ ಸದಸ್ಯರು ಬರುವುದು ಹೆಚ್ಚಾಗಿ ಶನಿವಾರ, ಭಾನುವಾರ. ಉಳಿದ ದಿನಗಳಲ್ಲಿ ಮೈದಾನವೂ ಅಡುಗೆಮನೆಯೂ ಬಹುಮಟ್ಟಿಗೆ ಖಾಲಿ. ಯಂತ್ರವೊಂದು ಎರಡು ಪಾಳಿ ಓಡಿ ಮೂರನೆಯ ಪಾಳಿಯಲ್ಲಿ ಸುಮ್ಮನೆ ನಿಂತರೆ ಅದರ ಬಡ್ಡಿ ನಿಲ್ಲುವುದಿಲ್ಲ ಎಂಬುದನ್ನು ನಮ್ಮ ಸಣ್ಣ ಕೈಗಾರಿಕೋದ್ಯಮಿಗಳಿಗೆ ಹೇಳಿಕೊಡಬೇಕಾಗಿಲ್ಲ. ಹಿರಿಯರಿಗೆ ಬಿಡುವಿರುವುದು ಮೈದಾನಕ್ಕೆ ಬಿಡುವಿರುವ ಹೊತ್ತಿನಲ್ಲೇ. ಅವರು ಆಡಿದರೆ ಮೈದಾನ ಬಳಕೆಯಾಗುತ್ತದೆ, ಊಟ ಮಾಡಿದರೆ ಅಡುಗೆಮನೆಗೆ ವ್ಯಾಪಾರವಾಗುತ್ತದೆ, ವಾರ್ಷಿಕ ಶುಲ್ಕ ಕಟ್ಟುವ ಸದಸ್ಯರೊಬ್ಬರು ಕ್ಲಬ್ಬಿನಲ್ಲಿಯೇ ಉಳಿಯುತ್ತಾರೆ.

ಹಿರಿಯರಿಗೇ ಪ್ರತ್ಯೇಕ ಸ್ಪರ್ಧೆ ಎಂಬ ಕಲ್ಪನೆಗೆ ಒಂದು ಶತಮಾನಕ್ಕೂ ಹೆಚ್ಚಿನ ಇತಿಹಾಸವಿದೆ. 1905ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ರೈ ಎಂಬಲ್ಲಿನ ಅಪವಾಮಿಸ್ ಕ್ಲಬ್ಬಿನಲ್ಲಿ ಹೊರೇಸ್ ಹಾಚ್‌ಕಿಸ್ ಎಂಬವರು 55 ವರ್ಷ ದಾಟಿದವರಿಗಾಗಿ ಪಂದ್ಯಾವಳಿಯೊಂದನ್ನು ಏರ್ಪಡಿಸಿದರು. ಬ್ರಿಟನ್ನಿನಲ್ಲಿ ಹಿರಿಯ ಹವ್ಯಾಸಿಗಳ ಮುಕ್ತ ಚಾಂಪಿಯನ್‌ಷಿಪ್ 1969ರಲ್ಲಿ ಆರಂಭವಾಯಿತು. ಅವು ದೊಡ್ಡ ಪಂದ್ಯಾವಳಿಗಳು. ನಾವು ಇಲ್ಲಿ ನೋಡಬೇಕಾದುದು ಊರೂರಿನ ಸಾಮಾನ್ಯ ಕ್ಲಬ್ಬುಗಳಲ್ಲಿ, ಪತ್ರಿಕೆಗಳಲ್ಲಿ ಹೆಸರು ಬಾರದ ಜನ ಆಡುವ ಆಟವನ್ನು.

ಅಸಮಾನರ ನಡುವೆ ಸಮಾನ ಸ್ಪರ್ಧೆ

ಹಿರಿಯರ ಸ್ಪರ್ಧೆಗೆ ಮೊದಲ ತೊಡಕು ಶಕ್ತಿಯ ಅಂತರ. 56 ವರ್ಷದ ಗಟ್ಟಿಗರೊಬ್ಬರು ಚೆಂಡನ್ನು ಇನ್ನೂರು ಗಜ ಹಾಯಿಸಿದರೆ, 80 ದಾಟಿದವರಿಗೆ ಅದರ ಅರ್ಧ ಸಾಧ್ಯವಾದರೆ ಹೆಚ್ಚು. ಇವರಿಬ್ಬರೂ ಒಂದೇ ಪಂದ್ಯದಲ್ಲಿ ಮನಸ್ಸಿಟ್ಟು ಸೆಣಸುವುದು ಹೇಗೆ? ಗಾಲ್ಫ್ ಇದಕ್ಕೆ ಕಂಡುಕೊಂಡ ಉಪಾಯವೇ 'ಹ್ಯಾಂಡಿಕ್ಯಾಪ್'. ಅದನ್ನು ರಿಯಾಯಿತಿ ಎಂದು ಕರೆದರೆ ನಮ್ಮ ಓದುಗರಿಗೆ ತಿಳಿಯುತ್ತದೆ. ಪ್ರತಿಯೊಂದು ಕುಳಿಗೆ, ಅಂದರೆ ಹೋಲ್‌ಗೆ, ನುರಿತ ಆಟಗಾರ ತೆಗೆದುಕೊಳ್ಳಬೇಕಾದ ಹೊಡೆತಗಳ ಸಂಖ್ಯೆ ನಿಗದಿಯಾಗಿರುತ್ತದೆ. ಅದು 'ಪಾರ್'. ಅದಕ್ಕಿಂತ ಎಷ್ಟು ಹೆಚ್ಚು ಹೊಡೆತ ಬೇಕಾಗುತ್ತದೆ ಎಂಬುದರ ಮೇಲೆ ಪ್ರತಿಯೊಬ್ಬರಿಗೂ ರಿಯಾಯಿತಿ ಹೊಡೆತಗಳು ದೊರೆಯುತ್ತವೆ.

2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯ ಪ್ರಕಾರ ಆಟಗಾರರ ಕೊನೆಯ 20 ಆಟಗಳ ಪೈಕಿ ಅತ್ಯುತ್ತಮ 8ರ ಸರಾಸರಿಯಿಂದ ಈ ಅಂಕಿ ಹೊರಡುತ್ತದೆ. ಗರಿಷ್ಠ ಮಿತಿ 54. ವಯಸ್ಸಾಗಿ ಆಟ ಕುಗ್ಗಿದಂತೆ ರಿಯಾಯಿತಿ ತಾನಾಗಿ ಏರುತ್ತದೆ. ಯಾರ ಬಳಿಯೂ ಹೋಗಿ ಬೇಡಬೇಕಾಗಿಲ್ಲ. ಇಲ್ಲಿರುವ ಸೂಕ್ಷ್ಮವನ್ನು ಗಮನಿಸಬೇಕು. ಹಿರಿಯರೆಂಬ ಕರುಣೆಯಿಂದ ಯಾರೂ ಅವರನ್ನು ಗೆಲ್ಲಿಸುವುದಿಲ್ಲ. ತಮ್ಮ ಈಚಿನ ಆಟಕ್ಕೆ ತಕ್ಕ ರಿಯಾಯಿತಿ ಪಡೆದು, ಆ ದಿನ ಅದಕ್ಕಿಂತ ಚೆನ್ನಾಗಿ ಆಡಿದವರು ತಮ್ಮ ಬಲದಿಂದಲೇ ಗೆಲ್ಲುತ್ತಾರೆ.

ಹಿರಿಯರ ಆಟಕ್ಕೆ ಇನ್ನೊಂದು ದೊಡ್ಡ ಉಪಕಾರ ಮಾಡಿದವರು ಡಾ. ಫ್ರಾಂಕ್ ಸ್ಟೇಬಲ್‌ಫರ್ಡ್ ಎಂಬ ಶಸ್ತ್ರವೈದ್ಯರು. ಹಳೆಯ ಪದ್ಧತಿಯಲ್ಲಿ 18 ಕುಳಿಗಳ ಎಲ್ಲ ಹೊಡೆತಗಳನ್ನೂ ಕೂಡುತ್ತಿದ್ದರು. ಒಂದೇ ಒಂದು ಕುಳಿಯಲ್ಲಿ ಹತ್ತು ಹನ್ನೆರಡು ಹೊಡೆತ ವ್ಯರ್ಥವಾದರೆ ಇಡೀ ದಿನದ ಆಟ ಕೆಟ್ಟಂತೆ. ಸ್ಟೇಬಲ್‌ಫರ್ಡ್ ಅವರು ಪ್ರತಿ ಕುಳಿಗೂ ಅಂಕ ಕೊಡುವ ಕ್ರಮವನ್ನು ರೂಪಿಸಿ, 1898ರಲ್ಲಿ ವೇಲ್ಸ್‌ನ ಪೆನಾರ್ತ್‌ನಲ್ಲಿರುವ ಗ್ಲಾಮರ್ಗನ್‌ಷೈರ್ ಕ್ಲಬ್ಬಿನಲ್ಲಿ ಪ್ರಯೋಗಿಸಿದರು. 1932ರ ಮೇ 16ರಂದು ಲಿವರ್‌ಪೂಲ್ ಸಮೀಪದ ವಾಲಸಿ ಕ್ಲಬ್ಬಿನಲ್ಲಿ ಅದರ ಸುಧಾರಿತ ರೂಪದ ಸ್ಪರ್ಧೆ ನಡೆಯಿತು. ಇಂದು ರಿಯಾಯಿತಿ ಕಳೆದು ಪಾರ್ ಬಂದರೆ 2 ಅಂಕ, ಒಂದು ಹೆಚ್ಚಾದರೆ 1, ಒಂದು ಕಡಿಮೆಯಾದರೆ 3, ಎರಡು ಕಡಿಮೆಯಾದರೆ 4.

ಉದಾಹರಣೆಗೆ, 18 ಹ್ಯಾಂಡಿಕ್ಯಾಪ್ ಇರುವವರಿಗೆ ಪ್ರತಿ ಕುಳಿಗೆ ಒಂದು ರಿಯಾಯಿತಿ. ಪಾರ್ 4ರ ಕುಳಿಯಲ್ಲಿ 5 ಹೊಡೆತ ತೆಗೆದುಕೊಂಡರೆ 2 ಅಂಕ, 6ಕ್ಕೆ 1 ಅಂಕ, 7ಕ್ಕೆ ಸೊನ್ನೆ. ಸೊನ್ನೆ ಖಚಿತವಾದೊಡನೆ ಚೆಂಡನ್ನು ಎತ್ತಿ ಜೇಬಿಗೆ ಹಾಕಿ ಮುಂದಿನ ಕುಳಿಗೆ ನಡೆಯುವುದು. ಹೊತ್ತೂ ಉಳಿಯಿತು, ಮರ್ಯಾದೆಯೂ ಉಳಿಯಿತು. ಹದಿನೆಂಟು ಕುಳಿಗಳಲ್ಲಿ 36 ಅಂಕ ಬಂದರೆ ತಮ್ಮ ಮಟ್ಟಕ್ಕೆ ಸರಿಯಾಗಿ ಆಡಿದಂತೆ. ಒಂದು ಸರಕಿನಲ್ಲಿ ಬಂದ ನಷ್ಟವನ್ನು ಅಲ್ಲಿಗೇ ಕೈಬಿಟ್ಟು ಮುಂದಿನ ವಹಿವಾಟಿಗೆ ಮನಸ್ಸು ಕೊಡುವ ಅನುಭವಿ ವ್ಯಾಪಾರಿಯ ಗುಣವನ್ನೇ ಈ ಪದ್ಧತಿ ಆಟಗಾರರಿಂದ ಅಪೇಕ್ಷಿಸುತ್ತದೆ.

ಸ್ನೇಹಪಂದ್ಯದ ಕ್ರಮ

ಸ್ನೇಹಪಂದ್ಯಗಳು ನೆರೆಯ ಕ್ಲಬ್ಬುಗಳ ನಡುವೆ ನಡೆಯುತ್ತವೆ. ಒಂದು ಸಲ ನಮ್ಮ ಮೈದಾನದಲ್ಲಿ, ಮತ್ತೊಂದು ಸಲ ಅವರ ಮೈದಾನದಲ್ಲಿ. ಪ್ರತಿ ಕಡೆಯಿಂದ ಆರು ಅಥವಾ ಎಂಟು ಜೋಡಿಗಳು. ಆಡಲು ಇಚ್ಛಿಸುವವರು ಮೊದಲೇ ಹೆಸರು ಕೊಡುತ್ತಾರೆ. ನಾಯಕರು ಅದರಿಂದ ತಂಡವನ್ನು ಆರಿಸುತ್ತಾರೆ. ಒಳ್ಳೆಯ ನಾಯಕರ ಲಕ್ಷಣ ಇಲ್ಲಿ ಕಾಣುತ್ತದೆ. ಗೆಲ್ಲುವ ಆಸೆಯಿಂದ ಅದೇ ಹನ್ನೆರಡು ಜನರನ್ನು ಪ್ರತಿ ಸಲ ಕಳುಹಿಸುವವರಿಗಿಂತ, ಋತು ಮುಗಿಯುವುದರೊಳಗೆ ಹೆಸರು ಕೊಟ್ಟ ಎಲ್ಲರಿಗೂ ಒಂದೆರಡು ಪಂದ್ಯ ಸಿಗುವಂತೆ ನೋಡಿಕೊಂಡವರನ್ನು ಸದಸ್ಯರು ನೆನೆಯುತ್ತಾರೆ.

ಆಟದ ಪ್ರಕಾರ ಬಹುತೇಕ 'ಫೋರ್‌ಬಾಲ್ ಬೆಟರ್‌ಬಾಲ್'. ಜೋಡಿಯ ಇಬ್ಬರೂ ತಮ್ಮ ತಮ್ಮ ಚೆಂಡಿನಿಂದ ಆಡುತ್ತಾರೆ. ಇಬ್ಬರಲ್ಲಿ ಉತ್ತಮವಾದ ಫಲಿತಾಂಶವೇ ಆ ಕುಳಿಯಲ್ಲಿ ಜೋಡಿಯ ಫಲಿತಾಂಶ. ಒಬ್ಬರು ಎಡವಿದರೆ ಇನ್ನೊಬ್ಬರು ಕಾಯುತ್ತಾರೆ. ರಿಯಾಯಿತಿಯ ಲೆಕ್ಕವನ್ನು ಹೀಗೆ ಮಾಡಲಾಗುತ್ತದೆ: ನಾಲ್ವರ ಆ ಮೈದಾನದ ಹ್ಯಾಂಡಿಕ್ಯಾಪ್ 10, 16, 20 ಮತ್ತು 26 ಎಂದು ಭಾವಿಸೋಣ. ಈ ಪ್ರಕಾರದ ಪಂದ್ಯಕ್ಕೆ ಅದರ ಶೇ. 90 ಮಾತ್ರ ಪರಿಗಣನೆ. ಆಗ ಅವು 9, 14, 18, 23 ಆಗುತ್ತವೆ. ಎಲ್ಲರಿಗಿಂತ ಕಡಿಮೆ ಇರುವವರು ರಿಯಾಯಿತಿಯಿಲ್ಲದೆ ಆಡುತ್ತಾರೆ. ಉಳಿದವರಿಗೆ ಅಂತರವಷ್ಟೇ, ಅಂದರೆ 5, 9 ಮತ್ತು 14 ಹೊಡೆತ. ಆ ಹೊಡೆತಗಳು ಅತಿ ಕಷ್ಟದ ಕುಳಿಗಳಿಂದ ಆರಂಭಿಸಿ ಕ್ರಮವಾಗಿ ಹಂಚಿಕೆಯಾಗುತ್ತವೆ. ಪಂದ್ಯ ಆರಂಭವಾಗುವ ಮುನ್ನ ನಾಲ್ವರೂ ನಿಂತು ಈ ಲೆಕ್ಕವನ್ನು ಒಪ್ಪಿಕೊಳ್ಳುತ್ತಾರೆ. ಕರಾರು ಮೊದಲೇ ಸ್ಪಷ್ಟವಾಗಿದ್ದರೆ ಆಮೇಲೆ ತಕರಾರಿಗೆ ಅವಕಾಶವಿರುವುದಿಲ್ಲ.

ಪಂದ್ಯದಲ್ಲಿ ಎಣಿಕೆಗೆ ಬರುವುದು ಗೆದ್ದ ಕುಳಿಗಳ ಸಂಖ್ಯೆ. ಒಂದು ಜೋಡಿ ಮೂರು ಕುಳಿ ಮುಂದಿದ್ದು ಎರಡೇ ಕುಳಿ ಉಳಿದಿದ್ದರೆ ಪಂದ್ಯ ಅಲ್ಲಿಗೆ ಮುಗಿಯಿತು. ತೀರ್ಪುಗಾರರು ಯಾರೂ ಇರುವುದಿಲ್ಲ. ಪೊದೆಯೊಳಗೆ ಚೆಂಡು ಅಲುಗಿದರೆ ಅದನ್ನು ಕಂಡವರು ಆಡಿದವರೊಬ್ಬರೇ. ತಮ್ಮ ಮೇಲೆ ತಾವೇ ದಂಡ ಹೇಳಿಕೊಳ್ಳಬೇಕು. ಲೆಕ್ಕಪುಸ್ತಕವನ್ನು ತಾನೇ ಬರೆದು ತಾನೇ ಸಹಿ ಹಾಕುವ ಈ ವ್ಯವಸ್ಥೆ ಇಷ್ಟು ಕಾಲ ಉಳಿದಿರುವುದಕ್ಕೆ ಕಾರಣ, ಸುಳ್ಳು ಲೆಕ್ಕ ಬರೆದವರೊಡನೆ ಮುಂದಿನ ವಾರ ಜೋಡಿಯಾಗಲು ಯಾರೂ ಮುಂದೆ ಬರುವುದಿಲ್ಲ ಎಂಬ ಭಯ. ಪೇಟೆಯಲ್ಲಿ ಬಾಯಿಮಾತಿನ ಮೇಲೆ ಸಾಲ ಹುಟ್ಟುವುದೂ ಇದೇ ಆಧಾರದ ಮೇಲೆ ಅಲ್ಲವೇ?

ಆಟ ಮುಗಿದ ಮೇಲಿನ ಊಟ ಪಂದ್ಯದ ಅರ್ಧ ಭಾಗವಿದ್ದಂತೆ. ಎದುರಾಳಿಗಳಾಗಿ ನಾಲ್ಕು ಗಂಟೆ ನಡೆದ ನಾಲ್ವರು ಒಂದೇ ಮೇಜಿಗೆ ಕೂರುತ್ತಾರೆ. ಊಟದ ಕೊನೆಯಲ್ಲಿ ಆತಿಥೇಯ ನಾಯಕರು ಫಲಿತಾಂಶ ಓದಿ ಎರಡು ಮಾತು ಹೇಳುತ್ತಾರೆ. ಅತಿಥಿ ನಾಯಕರು ಮೈದಾನ ನೋಡಿಕೊಳ್ಳುವವರನ್ನೂ ಅಡುಗೆಯವರನ್ನೂ ನೆನೆದು ವಂದನೆ ಹೇಳುತ್ತಾರೆ. ಅತಿಥಿಗಳಿಂದ ಮೈದಾನದ ಶುಲ್ಕ ಪಡೆಯದಿರುವುದು ಅನೇಕ ಕಡೆ ವಾಡಿಕೆ. ಪ್ರತಿಯಾಗಿ ಅಲ್ಲಿಗೆ ಹೋದಾಗ ಅವರೂ ಪಡೆಯುವುದಿಲ್ಲ. ಹಣ ಕೈ ಬದಲಾಗದೆಯೇ ಎರಡು ಕ್ಲಬ್ಬಿನ ಸದಸ್ಯರಿಗೂ ಒಂದೊಂದು ಹೊಸ ಮೈದಾನ ಲಭಿಸುತ್ತದೆ. ಮದುವೆ ಮುಯ್ಯಿಯ ಲೆಕ್ಕ ಬಲ್ಲ ನಮಗೆ ಇದು ಅಪರಿಚಿತವೇನಲ್ಲ.

ಕ್ಲಬ್ಬಿನೊಳಗಿನ ಸಾಮಾಜಿಕ ಸ್ಪರ್ಧೆಗಳು

ನೆರೆಯವರೊಡನೆ ಪಂದ್ಯವಿಲ್ಲದ ವಾರಗಳಲ್ಲಿ ತಮ್ಮೊಳಗೇ ಸ್ಪರ್ಧೆ ಏರ್ಪಡುತ್ತದೆ. ಅದರಲ್ಲಿ 'ಟೆಕ್ಸಾಸ್ ಸ್ಕ್ರ್ಯಾಂಬಲ್' ಎಂಬುದು ಜನಪ್ರಿಯ. ಮೂವರು ಅಥವಾ ನಾಲ್ವರ ತಂಡದಲ್ಲಿ ಎಲ್ಲರೂ ಹೊಡೆಯುತ್ತಾರೆ, ಅತ್ಯುತ್ತಮವಾದ ಚೆಂಡು ಬಿದ್ದ ಜಾಗದಿಂದಲೇ ಎಲ್ಲರೂ ಮುಂದಿನ ಹೊಡೆತ ಹೊಡೆಯುತ್ತಾರೆ. ಪ್ರತಿಯೊಬ್ಬರ ಆರಂಭದ ಹೊಡೆತವನ್ನು ಕನಿಷ್ಠ ಇಂತಿಷ್ಟು ಸಲ ಬಳಸಲೇಬೇಕೆಂಬ ನಿಬಂಧನೆಯನ್ನು ಹಾಕುವುದುಂಟು. ಹಾಗಾಗಿ ತಂಡದ ಅತಿ ದುರ್ಬಲ ಆಟಗಾರರ ಒಂದು ಒಳ್ಳೆಯ ಹೊಡೆತಕ್ಕೂ ಬೆಲೆ ಬರುತ್ತದೆ. ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರಬೇಕಾದ ದಿನ, ತಂಡಗಳು ಬೇರೆ ಬೇರೆ ಕುಳಿಗಳಿಂದ ಒಂದೇ ಸಮಯಕ್ಕೆ ಆಟ ಆರಂಭಿಸುವ ಏರ್ಪಾಡು ಇರುತ್ತದೆ.

ಇನ್ನೊಂದು ಪುಟ್ಟ ಪದ್ಧತಿ 'ಟೂಸ್'. ಆಟಕ್ಕೆ ಮುನ್ನ ಪ್ರತಿಯೊಬ್ಬರೂ ಒಂದು ಪೌಂಡಿನಂತಹ ಸಣ್ಣ ಮೊತ್ತವನ್ನು ಡಬ್ಬಿಗೆ ಹಾಕುತ್ತಾರೆ. ಯಾವುದಾದರೂ ಕುಳಿಯನ್ನು ಎರಡೇ ಹೊಡೆತದಲ್ಲಿ ಮುಗಿಸಿದವರು ಆ ಹಣವನ್ನು ಹಂಚಿಕೊಳ್ಳುತ್ತಾರೆ. ವರ್ಷಕ್ಕೊಮ್ಮೆ 'ನಾಯಕರ ದಿನ' ನಡೆಯುತ್ತದೆ. ಅಂದು ನಾಯಕರು ಆಯ್ದುಕೊಂಡ ಸೇವಾಕಾರ್ಯಕ್ಕೆ ದೇಣಿಗೆ ಸಂಗ್ರಹಿಸುವುದು ಸಾಮಾನ್ಯ. ಬಹುಮಾನಗಳು ಅಲ್ಪ: ಕೆಲವು ಚೆಂಡುಗಳು, ಕ್ಲಬ್ಬಿನ ಅಂಗಡಿಯಲ್ಲಿ ಬಳಸಬಹುದಾದ ಒಂದು ಚೀಟಿ. 2022ರಿಂದ ಜಾರಿಯಲ್ಲಿರುವ ಹವ್ಯಾಸಿ ನಿಯಮಗಳಲ್ಲಿ ಬಹುಮಾನದ ಮೌಲ್ಯಕ್ಕೆ 700 ಪೌಂಡುಗಳ ಮಿತಿ ಇದೆಯಾದರೂ, ಹಿರಿಯರ ಬುಧವಾರದ ಆಟ ಆ ಮಿತಿಯ ಹತ್ತಿರಕ್ಕೂ ಸುಳಿಯುವುದಿಲ್ಲ. ಬಹುಮಾನ ಚಿಕ್ಕದಾಗಿದ್ದಷ್ಟೂ ಅಸೂಯೆಯೂ ಚಿಕ್ಕದು ಎಂಬುದು ಅನುಭವದ ಮಾತು.

ಬೀಜದ ವ್ಯಾಪಾರಿಯ ಬಟ್ಟಲು

ಮುಪ್ಪಿನ ಹೊಸ್ತಿಲಲ್ಲಿ ಆಟಕ್ಕೆ ಬಂದ ವರ್ತಕರೊಬ್ಬರ ಕಥೆಯನ್ನು ಇಲ್ಲಿ ನೆನೆಯಲೇಬೇಕು. 1858ರಲ್ಲಿ ಜನಿಸಿದ ಸ್ಯಾಮ್ಯುಯೆಲ್ ರೈಡರ್ ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಪಟ್ಟಣದಲ್ಲಿ ಹೂವು, ತರಕಾರಿಗಳ ಬೀಜವನ್ನು ಒಂದು ಪೆನ್ನಿಯ ಪೊಟ್ಟಣಗಳಲ್ಲಿ ಕಟ್ಟಿ ಅಂಚೆಯ ಮೂಲಕ ಮಾರಿದರು. ಪೊಟ್ಟಣಗಳು ಶುಕ್ರವಾರ ಅಂಚೆಗೆ ಬೀಳುತ್ತಿದ್ದವು. ಶನಿವಾರ ಅರ್ಧ ದಿನ ಬಿಡುವಿರುವ ಕಾರ್ಮಿಕರ ಕೈಗೆ ಸರಿಯಾಗಿ ತಲುಪುತ್ತಿದ್ದವು. ಈ ಬುದ್ಧಿವಂತಿಕೆ ಅವರನ್ನು ಶ್ರೀಮಂತರನ್ನಾಗಿಸಿತು. 1905ರಲ್ಲಿ ಅವರು ಆ ಪಟ್ಟಣದ ಮೇಯರ್ ಕೂಡ ಆದರು. ಅತಿಯಾದ ದುಡಿಮೆಯಿಂದ ಆರೋಗ್ಯ ಕೆಟ್ಟಾಗ, ಸುಮಾರು ಐವತ್ತರ ವಯಸ್ಸಿನಲ್ಲಿ ಬಯಲಿನ ಗಾಳಿಗಾಗಿ ಗಾಲ್ಫ್ ಕಲಿಯತೊಡಗಿದರು. 1910ರಲ್ಲಿ ವೆರುಲಂ ಕ್ಲಬ್ ಸೇರಿ ಮರುವರ್ಷವೇ ಅದರ ನಾಯಕರಾದರು.

1926ರಲ್ಲಿ ವೆಂಟ್‌ವರ್ತ್‌ನಲ್ಲಿ ಬ್ರಿಟನ್ ಮತ್ತು ಅಮೆರಿಕದ ವೃತ್ತಿಪರ ಆಟಗಾರರ ನಡುವೆ ಒಂದು ಸ್ನೇಹಪಂದ್ಯ ನಡೆಯಿತು. ಅಂತಹ ಪಂದ್ಯಗಳು ಕ್ರಮವಾಗಿ ನಡೆಯುವಂತಾಗಲಿ ಎಂದು ರೈಡರ್ ಚಿನ್ನದ ಬಟ್ಟಲನ್ನು ನೀಡಿದರು. 1927ರಲ್ಲಿ ಅಮೆರಿಕದ ವುಸ್ಟರ್‌ನಲ್ಲಿ ಮೊದಲ ಅಧಿಕೃತ ಪಂದ್ಯ ನಡೆಯಿತು. ಇಂದು ಜಗತ್ತಿನ ಪ್ರಖ್ಯಾತ ಕ್ರೀಡಾ ಸಮರಗಳಲ್ಲಿ ಒಂದಾದ ರೈಡರ್ ಕಪ್ ಹೀಗೆ ಹುಟ್ಟಿತು. ಒಂದು ಪೆನ್ನಿಯ ಪೊಟ್ಟಣ ಮಾರಿದವರ ಹೆಸರು ಅವರ ವ್ಯಾಪಾರಕ್ಕಿಂತ ಅವರ ಸ್ನೇಹಪಂದ್ಯದಿಂದ ಉಳಿದಿದೆ.

ಆರೋಗ್ಯದ ಲೆಕ್ಕ

ಹದಿನೆಂಟು ಕುಳಿಗಳ ಆಟವೆಂದರೆ ಸುಮಾರು ನಾಲ್ಕು ಗಂಟೆಯ ಅವಧಿಯಲ್ಲಿ ಆರರಿಂದ ಎಂಟು ಕಿಲೋಮೀಟರ್ ನಡಿಗೆ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಸಂಶೋಧಕರು ಸುಮಾರು ಮೂರು ಲಕ್ಷ ನೋಂದಾಯಿತ ಗಾಲ್ಫ್ ಆಟಗಾರರ ದಾಖಲೆಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದೇ ವಯಸ್ಸು ಮತ್ತು ಸಾಮಾಜಿಕ ಸ್ಥಿತಿಯ ಇತರರಿಗಿಂತ ಆಟಗಾರರಲ್ಲಿ ಮರಣ ಪ್ರಮಾಣ ಶೇ. 40ರಷ್ಟು ಕಡಿಮೆ ಇತ್ತು. ಇದನ್ನು ಎಚ್ಚರಿಕೆಯಿಂದ ಓದಬೇಕು. ಆರೋಗ್ಯವಂತರೇ ಆಟಕ್ಕೆ ಬರುತ್ತಾರೆ ಎಂಬುದೂ ಇದರಲ್ಲಿ ಸೇರಿರಬಹುದು. ಆದರೂ ನಡಿಗೆ, ಬಯಲು ಮತ್ತು ಜೊತೆಗಾರರು ಒಟ್ಟಿಗೆ ಸಿಗುವ ವ್ಯಾಯಾಮ ಹಿರಿಯರಿಗೆ ಹಿತಕರವೆಂಬುದರಲ್ಲಿ ವಿವಾದವಿಲ್ಲ. ದೇಹ ಕುಗ್ಗಿದವರಿಗೆ ಕುಳಿಗೆ ಹತ್ತಿರವಾದ ಮುಂದಿನ ಆರಂಭಸ್ಥಾನಗಳು, ವಿದ್ಯುತ್ ಚಾಲಿತ ಕೈಗಾಡಿಗಳು, ಕುಳಿತು ಸಾಗುವ ಬಗ್ಗಿಗಳು ಲಭ್ಯವಿವೆ. 2019ರಲ್ಲಿ ಕಳೆದುಹೋದ ಚೆಂಡನ್ನು ಹುಡುಕುವ ಅವಧಿಯನ್ನು ಐದು ನಿಮಿಷದಿಂದ ಮೂರಕ್ಕೆ ಇಳಿಸಲಾಯಿತು.

ಕೊರತೆಗಳೂ ಇವೆ

ಈ ವ್ಯವಸ್ಥೆ ನಿರ್ದುಷ್ಟವೇನಲ್ಲ. ಹೆಚ್ಚು ರಿಯಾಯಿತಿ ಉಳಿಸಿಕೊಳ್ಳಲೆಂದು ಸಾಧಾರಣ ದಿನಗಳಲ್ಲಿ ಬೇಕೆಂದೇ ಕೆಟ್ಟದಾಗಿ ಆಡಿ, ಸ್ಪರ್ಧೆಯ ದಿನ ಮಿಂಚುವವರು ಎಲ್ಲ ಕ್ಲಬ್ಬಿನಲ್ಲೂ ಒಬ್ಬಿಬ್ಬರಿರುತ್ತಾರೆ. ಅವರನ್ನು ಅಲ್ಲಿ 'ಬ್ಯಾಂಡಿಟ್' ಎನ್ನುತ್ತಾರೆ. ಹಿರಿಯರ ಮೀಸಲು ಬೆಳಗಿನ ಬಗ್ಗೆ, ಅಂದು ಆಡಲು ಬಂದ ಇತರ ಸದಸ್ಯರು ಗೊಣಗುವುದುಂಟು. ಪುರುಷರ ಹಾಗೂ ಮಹಿಳೆಯರ ವಿಭಾಗಗಳು ಹಲವೆಡೆ ಬೇರೆ ಬೇರೆಯಾಗಿಯೇ ಸಾಗಿವೆ. ಎಲ್ಲಕ್ಕಿಂತ ಕಠಿಣವಾದುದು ವಾಹನ ಓಡಿಸಲಾಗದ, ಸಂಗಾತಿಯ ಆರೈಕೆಗೆ ನಿಂತ, ಮಂಡಿ ಸೋತ ಸದಸ್ಯರು ಮೆಲ್ಲನೆ ಪಟ್ಟಿಯಿಂದ ಮರೆಯಾಗುವುದು. ಎಚ್ಚರವುಳ್ಳ ವಿಭಾಗಗಳು ಅಂಥವರನ್ನು ಊಟಕ್ಕಾದರೂ ಕರೆತರುವ, ಒಂಬತ್ತೇ ಕುಳಿಗಳ ಆಟ ಏರ್ಪಡಿಸುವ ಕ್ರಮ ಇಟ್ಟುಕೊಂಡಿವೆ. 2020ರ ಮಾರ್ಚ್ ಅಂತ್ಯದಿಂದ ಮೇ ಮಧ್ಯದವರೆಗೆ ಕೋವಿಡ್ ಕಾರಣ ಇಂಗ್ಲೆಂಡಿನ ಮೈದಾನಗಳು ಮುಚ್ಚಿದ್ದಾಗ, ವಾರಕ್ಕೊಂದು ಬೆಳಗಿನ ಭೇಟಿಯ ಬೆಲೆ ಏನೆಂಬುದು ಹಿರಿಯರಿಗೆ ಇನ್ನಷ್ಟು ತಿಳಿಯಿತು.

ನಮ್ಮಲ್ಲಿ ಸಾಧ್ಯವೇ?

ಕರ್ನಾಟಕಕ್ಕೆ ಗಾಲ್ಫ್ ಹೊಸದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ 1876ರಷ್ಟು ಹಿಂದೆಯೇ ಆರಂಭವಾಯಿತು. ಮೈಸೂರಿನಲ್ಲಿ, ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿಯೂ ಮೈದಾನಗಳಿವೆ. ಆದರೆ ತಾಲ್ಲೂಕು ಕೇಂದ್ರದ ಜವಳಿ ವರ್ತಕರಿಗೆ, ಕೈಗಾರಿಕಾ ವಸಾಹತಿನ ಸಣ್ಣ ಉತ್ಪಾದಕರಿಗೆ ಆ ಆಟ ಕೈಗೆಟುಕುವಂಥದ್ದಲ್ಲ. ಎಟುಕಬೇಕಾದ ಅಗತ್ಯವೂ ಇಲ್ಲ. ಕೇರಂ, ಚದುರಂಗ, ಷಟಲ್ ಬ್ಯಾಡ್ಮಿಂಟನ್, ಬೆಳಗಿನ ನಡಿಗೆ, ಇವುಗಳಲ್ಲಿ ಯಾವುದಕ್ಕೂ ಅದೇ ಕ್ರಮವನ್ನು ಅಳವಡಿಸಬಹುದು. ನಮ್ಮ ವರ್ತಕ ಸಂಘಗಳ ಅನೇಕ ಸಭಾಭವನಗಳೂ ವಾರದ ನಡುವೆ ಬೀಗ ಹಾಕಿಕೊಂಡೇ ಇರುತ್ತವೆ ಎಂಬುದನ್ನು ಈ ಸಂದರ್ಭದಲ್ಲಿ ನೆನೆಯಬೇಕು.

ಆಸಕ್ತ ಸಂಘಗಳ ಪರಿಶೀಲನೆಗಾಗಿ ಕೆಲವು ಸಲಹೆಗಳು:

1. ದಿನ ಮತ್ತು ವೇಳೆ ಬದಲಾಗಬಾರದು. ವಾರಕ್ಕೊಂದು ನಿಗದಿತ ಬೆಳಗು, ವರ್ಷದ ಪಟ್ಟಿ ಮೊದಲೇ ಮುದ್ರಿತವಾಗಿರಲಿ.

2. ರಿಯಾಯಿತಿಯ ಲೆಕ್ಕ ಬರಹದಲ್ಲಿರಲಿ. ಹಿಂದಿನ ಆಟಗಳ ಅಂಕಗಳ ಆಧಾರದ ಮೇಲೆ ದುರ್ಬಲರಿಗೆ ಮುಂಗಡ ಅಂಕ ನೀಡಿದರೆ ಎಂಬತ್ತರವರೂ ಅರವತ್ತರವರೊಡನೆ ಸೆಣಸಬಲ್ಲರು.

3. ಜೋಡಿಗಳನ್ನು ಪ್ರತಿ ವಾರ ಚೀಟಿ ಎತ್ತಿ ಬದಲಾಯಿಸಲಿ. ಇಲ್ಲವಾದರೆ ಹಳೆಯ ಗುಂಪುಗಳೇ ಮುಂದುವರಿಯುತ್ತವೆ.

4. ನೆರೆಯ ಊರಿನ ಸಂಘದೊಡನೆ ವರ್ಷಕ್ಕೆ ಎರಡು ಪಂದ್ಯ, ಒಂದು ಇಲ್ಲಿ, ಒಂದು ಅಲ್ಲಿ. ಆಟದಷ್ಟೇ ಊಟಕ್ಕೂ ಮಹತ್ವವಿರಲಿ.

5. ಬಹುಮಾನ ಸಣ್ಣದಿರಲಿ, ನಾಯಕತ್ವ ಒಂದೇ ವರ್ಷದ್ದಾಗಿರಲಿ.

ಇದರಿಂದ ವ್ಯಾಪಾರಕ್ಕೇನು ಲಾಭ ಎಂದು ಕೇಳುವವರಿರಬಹುದು. ಒಂದೇ ಬೀದಿಯಲ್ಲಿ ಎದುರು ಬದುರು ಅಂಗಡಿ ಇಟ್ಟು ಮೂವತ್ತು ವರ್ಷ ಪೈಪೋಟಿ ನಡೆಸಿದ ಇಬ್ಬರು ಒಂದೇ ಜೋಡಿಯಾಗಿ ಕೇರಂ ಮಣೆಯ ಮುಂದೆ ಕುಳಿತರೆ, ಅವರ ಮಕ್ಕಳ ನಡುವಿನ ವ್ಯವಹಾರವೂ ಸುಗಮವಾದೀತು. ಹಿರಿಯರಿಗೆ ಹೋಗಲು ತಮ್ಮದೇ ಒಂದು ಜಾಗವಿದ್ದರೆ ಅಂಗಡಿಯಲ್ಲಿ ಕಿರಿಯರಿಗೆ ತಮ್ಮ ಬುದ್ಧಿ ಓಡಿಸಲು ಅವಕಾಶ ಸಿಗುತ್ತದೆ. ಸಲಹೆ ಬೇಕಾದಾಗ ಅವರು ತಾವಾಗಿಯೇ ಬಂದು ಕೇಳುತ್ತಾರೆ. ಇವು ಜಮಾ ಖರ್ಚಿನಲ್ಲಿ ಕಾಣದ ಲಾಭಗಳು. ಉದ್ಯಮವನ್ನು ಕಟ್ಟಿದವರು ಅದನ್ನು ಬಿಟ್ಟುಕೊಡುವ ಹೊತ್ತಿನಲ್ಲಿ ಅವರಿಗೊಂದು ಆಟ, ಒಬ್ಬ ಜೊತೆಗಾರ ಮತ್ತು ಮುಂದಿನ ವಾರಕ್ಕೊಂದು ಪಂದ್ಯವನ್ನು ಒದಗಿಸುವುದು ಅವರ ಸಂಘದ ಕರ್ತವ್ಯವೆಂದು ಭಾವಿಸಿ, ಮುಂದಿನ ಕಾರ್ಯಕಾರಿ ಸಮಿತಿ ಸಭೆಗಳಲ್ಲಿ ಸದಸ್ಯರು ಈ ವಿಷಯವನ್ನು ಚರ್ಚೆಗೆ ತರುವುದು ಅಪೇಕ್ಷಣೀಯ.